ಮೂಡಣ ಮನೆಯ ಕೆಮ್ಮು

ನಮ್ಮ ಲ್ಯಾಬಿನ ಹಿಂದೆ, ಬೇವಿನ ಮರದ ಕೆಳಗೆ ಎರಡು ಸ್ಟೂಲುಗಳಿವೆ. ಎಡಗಡೆಯದು ಕೆಮ್ಮುವವರಿಗೆ, ಬಲಗಡೆಯದು ಉಗುಳುವವರಿಗೆ. ಒಮ್ಮೆ ಹೊರಗಿನಿಂದ ಬಂದ ಸಾಹೇಬರೊಬ್ಬರು ಇದನ್ನು ನೋಡಿ, "ಇದೇನಮ್ಮಾ, ಕೆಮ್ಮುವುದು ಒಬ್ಬರು, ಕಫ ಕೊಡುವುದು ಇನ್ನೊಬ್ಬರಾ?" ಎಂದು ಹುಬ್ಬೇರಿಸಿದ್ದರು. ನಮ್ಮೂರಲ್ಲಿ ಹಾಗೆಯೇ ಸಾರ್ ಎಂದೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು, ಚಹಾ ಕುಡಿದು ಹೋದರು. ಬರೆದದ್ದು ಏನೇ ಇರಲಿ, ಕ್ಷಯ ಬಾಯಿಬಿಡುವ ಮೊದಲೇ ಅದರ ಕುತ್ತಿಗೆ ಹಿಡಿಯುವುದರಲ್ಲಿ ನಮ್ಮ ಲ್ಯಾಬನ್ನು ಮೀರಿಸುವ ಲ್ಯಾಬು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಕೊಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡರೆ ಎಂದುಕೊಳ್ಳಿ. ಹದಿನಾಲ್ಕು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕುತ್ತಿಗೆ ಸೊಟ್ಟ ಮಾಡಿಕೊಂಡವಳಿಗೆ ಅಷ್ಟು ಹಕ್ಕಿದೆ.

ನಮ್ಮೂರಲ್ಲಿ ಯಾರ ಕೆಮ್ಮೂ ಅವರ ಮನೆಯಲ್ಲಿ ನಿಲ್ಲುವುದಿಲ್ಲ. ಅದು ಮೂಡಣ ಮಗ್ಗುಲಿನ ಮನೆಗೆ ಹೋಗುತ್ತದೆ. ಆ ಮನೆಯಲ್ಲಿ ಯಾರ ಬಾಯಿಗೆ ಹತ್ತುತ್ತದೆ ಎನ್ನುವುದು ಅದರ ಇಷ್ಟ, ಆದರೆ ದನಿ ಮಾತ್ರ ಕೆಮ್ಮಿನ ಒಡೆಯರದೇ. ಹೊಸದಾಗಿ ಬಂದ ಸೊಸೆ ಬಾಗಿಲಲ್ಲಿ ನಿಂತು ಮುದುಕನ ಗೊಗ್ಗರು ದನಿಯಲ್ಲಿ ಕೆಮ್ಮಿದಳೆಂದರೆ ಓಣಿಯವರೆಲ್ಲ ಪಡುವಣ ಮನೆಯ ಅಜ್ಜನ ಕಡೆ ತಿರುಗಿ ನೋಡುತ್ತಾರೆ. ಅಜ್ಜನಿಗೆ ಏನೂ ಆಗಿರುವುದಿಲ್ಲ, ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಆರಾಮ ಕುಳಿತಿರುತ್ತಾನೆ. ಆಗ ಅಜ್ಜನ ಮನೆಯವರು ಮೆಣಸು ಬೆಲ್ಲ ಹಾಕಿ ಕಷಾಯ ಕಾಯಿಸಿ, ತಂಬಿಗೆಯಲ್ಲಿ ಒಯ್ದು ಆ ಸೊಸೆಗೆ ಕುಡಿಸಬೇಕು. ತಂಬಿಗೆ ಹೊಸ್ತಿಲು ದಾಟಿತೆಂದರೆ ಕೆಮ್ಮು ನಮ್ಮದೇ ಎಂದು ಒಪ್ಪಿಕೊಂಡ ಹಾಗೆ. ಮರುದಿನ ಇಬ್ಬರೂ ಲ್ಯಾಬಿಗೆ ಬರುತ್ತಾರೆ. ಎಡಗಡೆ ಕುಳಿತ ಸೊಸೆ ಕೆಮ್ಮಿದರೆ ಬಲಗಡೆ ಕುಳಿತ ಅಜ್ಜನ ಎದೆಯಿಂದ ಕಫ ಏಳುತ್ತದೆ, ಅವನು ಡಬ್ಬಿಗೆ ಉಗುಳುತ್ತಾನೆ. ಮೂಡಣ ಮನೆಯವರು ಬೇಕೆಂದೇ ಕೆಮ್ಮಿದರೂ ನಡೆಯುತ್ತದೆ. ಅವರಿಲ್ಲದೆ ಎಷ್ಟು ತಿಣುಕಿದರೂ ಬಾಯಿಯ ಉಗುಳಷ್ಟೇ ಬರುತ್ತದೆ, ಅದು ನನಗೆ ಬೇಡ.

ಊರಿನ ಕಸುಬು ಗಾಜು ಊದುವುದು. ಕಂದೀಲಿನ ಬುರುಡೆ, ಔಷಧದ ಶೀಶೆ, ಮದುವೆಮನೆಯ ಹಂಡೆದೀಪ, ಎಲ್ಲವೂ ನಮ್ಮ ಭಟ್ಟಿಯಿಂದಲೇ ಹೋಗಬೇಕು. ಭಟ್ಟಿಯಲ್ಲಿ ಹನ್ನೊಂದು ಜನ. ಉದ್ದನೆಯ ಊದುಗೊಳವೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತಲೇ ಇರುತ್ತದೆ, ಗಾಜು ಆರುವುದರೊಳಗೆ ಕೆಲಸ ಮುಗಿಯಬೇಕಲ್ಲ. ಆ ಹನ್ನೊಂದು ಜನರ ಮುಂದಾಳು ನಮ್ಮಪ್ಪ ರಾಚಪ್ಪ. ಅರವತ್ತೆರಡರಲ್ಲೂ ಒಂದೇ ಉಸಿರಿಗೆ ಕುಂಬಳಕಾಯಿ ಗಾತ್ರದ ಬುರುಡೆ ಎಬ್ಬಿಸುತ್ತಿದ್ದ. ಅದಕ್ಕಿಂತ ದೊಡ್ಡ ಹೆಸರು ಅವನ ಕಿವಿಗಿತ್ತು. ಮಾಡಿದ ಪ್ರತಿ ಬುರುಡೆಯನ್ನೂ ಹೆಬ್ಬೆರಳ ಉಗುರಿನಿಂದ ಚಿಮ್ಮಿ ಕಿವಿಗೊಡುತ್ತಿದ್ದ. ಕಣ್ಣಿಗೆ ಕಾಣದ ಬಿರುಕು ಅವನಿಗೆ ಕೇಳಿಸುತ್ತಿತ್ತು. ಕಾಣದ್ದನ್ನು ಹಿಡಿಯುವ ಚಟ ನನಗೆ ಬಂದದ್ದೇ ಅವನಿಂದ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದೇನೆ.

ನಮ್ಮ ಮೂಡಣ ಮನೆ ತಿರಕವ್ವನದು. ಚಿಕ್ಕಂದಿನಲ್ಲಿ ನನ್ನ ನೆಗಡಿ ಕೆಮ್ಮನ್ನೆಲ್ಲ ಕೆಮ್ಮಿದವಳು ಅವಳೇ. "ಸಾವಂತ್ರಿ, ನಿನ್ನ ಕೆಮ್ಮು ಸಾಕಿ ಸಾಕಿ ನನ್ನ ಗಂಟಲ ಹರದ ಹೋತು ನೋಡು" ಎಂದು ನನ್ನ ಗಲ್ಲ ಹಿಂಡುತ್ತಿದ್ದಳು. ಆ ಮಾತೆಲ್ಲ ಹನ್ನೊಂದು ವರ್ಷದ ಹಿಂದೆ ನಿಂತುಹೋಯಿತು. ಊರ ಗಡಿಯಾರದ ಗೋಪುರಕ್ಕೆ ದೊಡ್ಡದೊಂದು ದೀಪದ ಬುರುಡೆ ಬೇಕಾಗಿತ್ತು. ತಿರಕವ್ವನ ಗಂಡ ಗೂಳಪ್ಪ ತಿಂಗಳುಗಟ್ಟಲೆ ಹೆಣಗಿ ಒಂದನ್ನು ಊದಿದ್ದ. ಊರೆಲ್ಲ ನೆರೆದಿತ್ತು, ವಾಲಗದವರೂ ಬಂದಿದ್ದರು. ಅಪ್ಪ ಉಗುರಿನಿಂದ ಚಿಮ್ಮಿದ, ಕಿವಿಗೊಟ್ಟ, ಎಲ್ಲರಿಗೂ ಕೇಳುವ ಹಾಗೆ "ಬಿರಕ ಐತಿ, ಮ್ಯಾಲೆ ಏರಸಬ್ಯಾಡ್ರಿ" ಎಂದುಬಿಟ್ಟ. ಯಾರ ಕಣ್ಣಿಗೂ ಬಿರುಕು ಕಾಣಲಿಲ್ಲ. ಆದರೂ ಅಪ್ಪನ ಮಾತಿಗೆ ಎದುರಾಡುವವರಿರಲಿಲ್ಲ. ಗೂಳಪ್ಪ ಬುರುಡೆಯನ್ನು ತಬ್ಬಿಕೊಂಡು ಮನೆಗೆ ಹೋದವನು ಮತ್ತೆ ಕೊಳವೆ ಮುಟ್ಟಲಿಲ್ಲ. ಮಾತೂ ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು, ನಾಲ್ಕನೇ ವರ್ಷ ತೀರಿಕೊಂಡ. ಅಲ್ಲಿಂದೀಚೆಗೆ ನಮ್ಮ ಮನೆಯ ತಂಬಿಗೆ ತಿರಕವ್ವನ ಹೊಸ್ತಿಲು ದಾಟಿರಲಿಲ್ಲ.

ನನಗೆ ಬುದ್ಧಿ ಬಂದದ್ದು ಟಪಾಲಿನ ಭರಮಪ್ಪ ಸತ್ತಾಗ. ಅವನದು ಓಣಿಯ ಕಡೆಯ ಮನೆ, ಅದರ ಮೂಡಣಕ್ಕೆ ಕೆರೆ. ಮನುಷ್ಯ ಗಟ್ಟಿಮುಟ್ಟಾಗಿಯೇ ಸೈಕಲ್ ತುಳಿಯುತ್ತಿದ್ದ. ಒಂದು ಮಧ್ಯಾಹ್ನ ನಮ್ಮ ಲ್ಯಾಬಿನ ಮೆಟ್ಟಿಲ ಮೇಲೆಯೇ ಕುಸಿದ. ದೊಡ್ಡ ಆಸ್ಪತ್ರೆಗೆ ಒಯ್ದರು, ಎರಡೂ ಪುಪ್ಪುಸ ಜರಡಿಯಾಗಿವೆ ಎಂದರು, ಉಳಿಯಲಿಲ್ಲ. ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಆಮೇಲೆ ಬಾಯಿಬಿಟ್ಟರು: ನೀರುಕೋಳಿಗಳು ವರ್ಷದಿಂದ ಭರಮಪ್ಪನ ದನಿಯಲ್ಲಿ ಕೆಮ್ಮುತ್ತಿದ್ದವಂತೆ. ಹಕ್ಕಿಯ ಮಾತು ಯಾಕೆ ಎಂದು ಸುಮ್ಮನಿದ್ದರಂತೆ. ಅವರನ್ನು ಬೈದು ಏನು ಮಾಡಲಿ? ಕೆಮ್ಮು ಕೇಳಿದರಷ್ಟೇ ಡಬ್ಬಿ ಕೊಡುತ್ತಿದ್ದವಳು ನಾನು. ಕೇಳದಿದ್ದರೆ ರೋಗವಿಲ್ಲ ಎಂದು ನಂಬಿದ್ದ ಮೊದಲ ದಡ್ಡಿ ನಾನೇ. ದಿನಾ ಕಾಗದ ತಂದುಕೊಡುತ್ತಿದ್ದವನ ಎದೆಯೊಳಗೆ ಏನಿದೆ ಎಂದು ಒಮ್ಮೆಯೂ ನೋಡಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮರುವಾರವೇ ಲ್ಯಾಬಿನ ಬಾಗಿಲಿಗೆ ಹಲಗೆ ಬರೆದು ಹಾಕಿದೆ. ಕೆಮ್ಮು ಕೇಳಲಿ ಬಿಡಲಿ, ಊರಿನವರೆಲ್ಲ ಮೂಡಣ ಮನೆಯವರನ್ನು ಕರೆದುಕೊಂಡು ಪರೀಕ್ಷೆಗೆ ಬರಬೇಕು. ಕಡೆಯ ಮನೆಗಳವರಿಗಾಗಿ ಕೆರೆಯ ದಂಡೆಯಲ್ಲಿ ಒಂದು ಚಪ್ಪರ ಹಾಕಿಸಿದೆವು. ಅದರಲ್ಲಿ ಯಾರಾದರೂ ಕುಳಿತರೆ ಅದೇ ಅವರ ಮೂಡಣ ಮನೆಯಾಯಿತು. ಪಾಳಿ ಹಚ್ಚಿಕೊಂಡು ಬಂದು ಕೂರುವುದಕ್ಕೆ ಜನ ಚೀಟಿ ಎತ್ತಿದರು, ನೋಡಿ, ಅಂಥ ಊರು ನಮ್ಮದು. ಇಷ್ಟಾದರೂ ಲ್ಯಾಬಿಗೆ ಮೊದಲು ಬರಲು ಯಾರಿಗೂ ಧೈರ್ಯವಿರಲಿಲ್ಲ. "ಮೊದ್ಲ ನಿಮ್ಮಪ್ಪನ್ನ ಕೂಡ್ರಸು" ಎಂದರು. ನ್ಯಾಯವಾದ ಮಾತೇ.

ಅಪ್ಪ ಊಟಕ್ಕೆ ಕುಳಿತಿದ್ದಾಗ ವಿಷಯ ತೆಗೆದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

"ನನ್ನ ಉಸರಿನ ಮ್ಯಾಲೆ ಸಂಶೇ ಬಂತೇನವಾ ನಿನಗ? ತಿರಕವ್ವ ಏನಾರ ಕೆಮ್ಮ್ಯಾಳೇನು? ಇಲ್ಲಲ್ಲ?"

"ಇಲ್ಲಪ್ಪ. ಆದ್ರ ನೀ ಬುರುಡಿಗೆ ಉಗುರು ಬಡದು ನೋಡತಿಯಲ್ಲ, ಬಿರಕ ಕಂಡಿದ್ದಕ್ಕಷ್ಟ ಬಡೀತಿಯೇನು?"

"ಎಲ್ಲಾದಕ್ಕೂ ಬಡೀತೀನಿ."

"ಯಾಕ?"

ಅಪ್ಪ ಉಳಿದ ರೊಟ್ಟಿ ತಿಂದ, ಕೈ ತೊಳೆದ, ಹೆಗಲ ಮೇಲೆ ಟವೆಲ್ ಹಾಕಿಕೊಂಡು "ನಡಿ" ಎಂದ. ಬೇವಿನ ಮರದ ಕೆಳಗೆ ಬಲಗಡೆಯ ಸ್ಟೂಲಿನ ಮೇಲೆ ದರ್ಬಾರಿಗೆ ಬಂದವನಂತೆ ಕುಳಿತ. ಎಡಗಡೆಯ ಸ್ಟೂಲು ಖಾಲಿ. ಡಬ್ಬಿಗೆ ಉಗುಳಿದ್ದು ಬರೀ ನೀರು. "ಇಷ್ಟ ಐತಿ ನೋಡು, ಎದಿಯೊಳಗ ಮತ್ತೇನಿಲ್ಲ" ಎಂದು ಎದ್ದ. ಇದು ನಡೆಯುವುದಿಲ್ಲ, ತಿರಕವ್ವ ಬರಲೇಬೇಕು ಎಂದೆ. "ಅಕಿನ್ನ ಕರಕೊಂಡ ಬಾ ಹೋಗು, ಆಗೂದಾದ್ರ" ಎಂದು ನಕ್ಕ. ಅವಳು ಬರುವುದಿಲ್ಲ ಎಂಬ ಧೈರ್ಯ ಆ ನಗೆಯಲ್ಲಿತ್ತು.

ಅದೇ ಮಧ್ಯಾಹ್ನ ತಿರಕವ್ವನ ಬಾಗಿಲು ಬಡಿದೆ. ಬೇಸಿಗೆಯ ಉರಿಬಿಸಿಲಿನಲ್ಲೂ ಕಿಟಕಿ ಬಾಗಿಲೆಲ್ಲ ಮುಚ್ಚಿದ್ದವು. ಬಹಳ ಹೊತ್ತಿನ ಮೇಲೆ ತೆರೆದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ನನಗ ಯಾವ ಕೆಮ್ಮೂ ಇಲ್ಲವಾ, ಹೋಗು" ಎಂದಳು, ನಾನು ಇನ್ನೂ ಏನೂ ಕೇಳಿರಲಿಲ್ಲ.

ಅವಳ ಹಿಂದೆ, ನಡುಮನೆಯಲ್ಲಿ ಕೌದಿಯ ಮೇಲೆ ಗೂಳಪ್ಪನ ಬುರುಡೆ ಕಂಡಿತು. ಕೊಡದಷ್ಟು ದೊಡ್ಡದು, ಬಾಯಿ ಅಗಲ. ಹನ್ನೊಂದು ವರ್ಷವಾದರೂ ಒಡೆದಿರಲಿಲ್ಲ. ಆದರೆ ನನ್ನ ಕಣ್ಣು ನೆಟ್ಟದ್ದು ಅದರ ಒಳಗಡೆ: ಅಂಥ ಒಣ ಬಿಸಿಲಿನಲ್ಲಿ ಗಾಜಿನೊಳಗೆ ಮಂಜು ಕಟ್ಟಿ, ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಯಾರೋ ಈಗಷ್ಟೇ ಅದರೊಳಗೆ ಉಸಿರು ಬಿಟ್ಟಿದ್ದರು. "ತಿರಕವ್ವ, ಇದೇನು?" ಎಂದೆ. ಅವಳು ತಡೆದಳು, ತಡೆದಳು, ಕಣ್ಣಲ್ಲಿ ನೀರು ಬಂತು. ಕಡೆಗೆ ಓಡಿಹೋಗಿ ಬುರುಡೆಯ ಬಾಯಿಗೆ ಮುಖ ಕೊಟ್ಟು ಮೇಲೆ ಕೌದಿ ಎಳೆದುಕೊಂಡಳು. ಕೌದಿಯ ಅಡಿಯಿಂದ, ಗಾಜಿನ ಒಳಗಿನಿಂದ ನನಗೆ ನಮ್ಮಪ್ಪ ಕೆಮ್ಮುವುದು ಕೇಳಿಸಿತು.

ಗೋಡೆ ಹಿಡಿದು ಕುಳಿತೆ. ಎಷ್ಟು ದಿನದಿಂದ ಎಂದು ಕೇಳಿದೆ.

"ದೀಪಾವಳಿ ಮುಂದ ಸುರು ಆತು" ಎಂದಳು ಕೌದಿ ಸರಿಸಿ.

"ಐದ ತಿಂಗಳ! ಯಾಕ ಮುಚ್ಚಿಟ್ಟಿ? ನಮ್ಮಪ್ಪ ಸಾಯಲಿ ಅಂತ?"

ತಿರಕವ್ವ ನನ್ನನ್ನು ದುರುಗುಟ್ಟಿ ನೋಡಿದಳು. ಅಷ್ಟು ಸಿಟ್ಟಿನ ಮುಖ ನಾನು ನೋಡಿಲ್ಲ.

"ಸಾಯಲಿ ಅನ್ನಾಕಿ ಆಗಿದ್ರ ಕಟ್ಟಿ ಮ್ಯಾಲ ಕುಂತು ಕೆಮ್ಮತಿದ್ನಿ, ತಿಳೀತೇನು? ಊರೆಲ್ಲ ಅವನ ದನಿ ಕೇಳತಿತ್ತು. ರಾಚಪ್ಪನ ಎದಿ ಕೆಟ್ಟೈತಿ ಅಂತಿತ್ತು. ಭಟ್ಟಿಯಿಂದ ಎಬ್ಬಸತಿದ್ರು. ಗಂಡಸಿನ ಮಾನ ಊರ ಮುಂದ ಹೋದ್ರ ಅಂವ ಹೆಂಗ ಸಾಯತಾನು ಅನ್ನೂದು ನಾ ಕಣ್ಣಾರೆ ನೋಡೀನಿ. ನಾ ನಿಮ್ಮಪ್ಪನಂಗ ಅಲ್ಲವಾ."

ನನಗೆ ಅವಳ ಕಾಲಿಗೆ ಬೀಳಬೇಕೆನಿಸಿತು, ಅದೇ ಗಳಿಗೆ ಅವಳನ್ನು ಹಿಡಿದು ಅಲುಗಾಡಿಸಬೇಕು ಎಂದೂ ಅನಿಸಿತು. ಎರಡನೆಯದೇ ಗೆದ್ದಿತು. "ನಿನ್ನ ದೊಡ್ಡಸ್ತನ ಸುಡು, ಆ ಕೊಳವಿ ಹನ್ನೊಂದ ಮಂದಿ ಬಾಯಾಗ ಹೋಗತೈತಿ!" ಎಂದು ಕೂಗಿದೆ. ತಿರಕವ್ವನ ಮುಖ ಬಿಳಿಚಿಕೊಂಡಿತು. ಕೊಳವೆಯ ವಿಚಾರ ಅವಳಿಗೆ ಹೊಳೆದೇ ಇರಲಿಲ್ಲ. ಭಟ್ಟಿಯ ಹೆಣ್ಣಾಗಿ ಮೂವತ್ತು ವರ್ಷ ಬದುಕಿದವಳು ಒಬ್ಬನ ಮಾನ ಕಾಯುವುದರಲ್ಲಿ ಅದನ್ನೇ ಮರೆತಿದ್ದಳು.

"ಬರತೀನಿ" ಎಂದಳು ಸೆರಗಿನ ಅಂಚು ತಿರುವುತ್ತ. "ಆದ್ರ ತಂಬಿಗಿ ಅಂವನ ತರಬೇಕು. ತನ್ನ ಕೈಲೆ. ಇಲ್ಲಾಂದ್ರ ನಾ ಏಳೂದಿಲ್ಲ."

ಮನೆಗೆ ಬಂದು ಅಪ್ಪನ ಎದುರು ನಿಂತು, ಕೇಳಿದ್ದನ್ನೆಲ್ಲ ಕೇಳಿದ ಹಾಗೆ ಹೇಳಿದೆ. ತಿರಕವ್ವ ಅವನ ಕೆಮ್ಮನ್ನು ಗೂಳಪ್ಪನ ಬುರುಡೆಯಲ್ಲಿ ಬಚ್ಚಿಡುತ್ತಿದ್ದಳು ಎಂದಾಗ ಅಪ್ಪ ಒಮ್ಮೆ ಕಣ್ಣು ಮುಚ್ಚಿ ತೆರೆದ. ಏನೋ ಸಬೂಬು ಹೇಳುತ್ತಾನೆ ಎಂದು ಕಾದೆ. ಅವನು ಎದ್ದು ಅಡುಗೆಮನೆಗೆ ಹೋದ. ಅವ್ವ ತೀರಿಕೊಂಡ ಮೇಲೂ ಒಲೆಯ ಹತ್ತಿರ ಸುಳಿಯದಿದ್ದವನು ಡಬ್ಬಿಗಳನ್ನೆಲ್ಲ ತಡಕಾಡಿದ, ಮೆಣಸು ಕುಟ್ಟಿದ, ನೀರು ಉಕ್ಕಿಸಿ ಒಲೆಯ ತುಂಬ ಚೆಲ್ಲಿದ. ನಾನು ಕೈಹಾಕಲು ಹೋದರೆ ಬೆನ್ನು ಅಡ್ಡ ಮಾಡಿದ. ಆಮೇಲೆ ತಂಬಿಗೆ ಹಿಡಿದುಕೊಂಡು ಹೊರಟ. ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ಹದಿನೈದು ಹೆಜ್ಜೆ ಇರಬಹುದು. ಅಷ್ಟರಲ್ಲಿ ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ರಾಚಪ್ಪ ತಂಬಿಗೆ ಹಿಡಿದು ನಡೆಯುವುದನ್ನು ನೋಡಲು ಕೈಯ ಹಿಟ್ಟನ್ನೂ ತೊಳೆಯದೆ ಬಂದವರಿದ್ದರು. ಅಪ್ಪ ಯಾರನ್ನೂ ನೋಡಲಿಲ್ಲ, ತಲೆ ತಗ್ಗಿಸಲೂ ಇಲ್ಲ.

ತಿರಕವ್ವ ತಂಬಿಗೆ ತೆಗೆದುಕೊಳ್ಳಲಿಲ್ಲ. ಅವನನ್ನು ಒಳಗೆ ಕರೆದು, ಬುರುಡೆಯನ್ನು ಅವನ ಮುಂದಿಟ್ಟಳು. "ಬಡದು ನೋಡು" ಎಂದಳು.

ಅಪ್ಪ ತಂಬಿಗೆ ಕೆಳಗಿಟ್ಟು ಮಂಡಿಯೂರಿದ. ಹೆಬ್ಬೆರಳ ಉಗುರಿನಿಂದ ಚಿಮ್ಮಿದ. ಕಿವಿಗೊಟ್ಟ. ಇನ್ನೊಂದು ಕಡೆ ತಿರುಗಿಸಿ ಮತ್ತೆ ಚಿಮ್ಮಿದ. ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ: ಅಪ್ಪಾ, ಇದೊಂದು ಸಲ ಸುಳ್ಳು ಹೇಳು. ಬಿರುಕಿಲ್ಲ ಅನ್ನು, ಮುಗಿದುಹೋಗಲಿ. ಸುಳ್ಳು ಹೇಳಿದರೆ ಬದುಕುತ್ತೀ.

"ಬಿರಕ ಐತಿ ತಿರಕವ್ವ" ಎಂದ ಅಪ್ಪ ಮೆಲ್ಲಗೆ.

ಎಲ್ಲ ಕೆಟ್ಟಿತು ಎಂದುಕೊಂಡೆ. ತಿರಕವ್ವ ಬುರುಡೆಯನ್ನು ತನ್ನ ಕಡೆ ಎಳೆದುಕೊಂಡು ಸೆರಗಿನಿಂದ ಒರೆಸಿದಳು.

"ನನಗ ಗೊತ್ತೈತಿ. ಅವಗೂ ಗೊತ್ತಿತ್ತು. ಸಾಯೂ ಮುಂದ ನನಗ ಹೇಳ್ಯಾನ, ರಾಚ್ಯಾನ ಕಿವಿ ಖರೇನ ಹೇಳತೈತಿ ಅಂತ. ಬಿರಕಿನ ಮಾತಲ್ಲೋ ನಂದು. ನೀ ಅವನ ಕಿವ್ಯಾಗ ಹೇಳಬೇಕಿತ್ತು. ಕೂಡಿ ಬೆಳದವರು ನೀವು. ವಾಲಗದವರ ಮುಂದ ಯಾಕ ಹೇಳಿದಿ?"

ಅಪ್ಪ "ಹೂಂ" ಎಂದ. "ಕಿವ್ಯಾಗ ಹೇಳಬೇಕಿತ್ತು. ನಂದ ತಪ್ಪು. ದೊಡ್ಡ ತಪ್ಪು."

ತಿರಕವ್ವ ತಂಬಿಗೆ ಎತ್ತಿ ಒಂದು ಗುಟುಕು ಕುಡಿದಳು. ಮುಖ ಕಿವುಚಿ "ಥೂ, ಇದೇನ ಕಷಾಯೋ ಖಾರದ ಪುಡಿಯೋ?" ಎಂದಳು. ಆದರೂ ತಳದವರೆಗೆ ಕುಡಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಬೇವಿನ ಮರದ ಕೆಳಗೆ ಕುಳಿತರು. ತಿರಕವ್ವ ಐದು ತಿಂಗಳಲ್ಲಿ ಮೊದಲ ಸಲ ಬಯಲಿನಲ್ಲಿ, ಬಾಯಿ ಮುಚ್ಚದೆ ಕೆಮ್ಮಿದಳು. ಅಪ್ಪನ ಎದೆ ಮೇಲೆದ್ದಿತು, ಡಬ್ಬಿಗೆ ಬಿದ್ದದ್ದು ಈ ಸಲ ಉಗುಳಲ್ಲ. ನಾನು ಗಾಜಿನ ಪಟ್ಟಿಯ ಮೇಲೆ ಸವರಿ, ಒಣಗಿಸಿ, ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಆ ಪಟ್ಟಿ ಕೂಡ ಅಪ್ಪನ ಭಟ್ಟಿಯದೇ. ಒಂದೊಂದೇ ತುಣುಕು ಸರಿಸುತ್ತ ಹೋದೆ. ನೀಲಿ, ನೀಲಿ, ಮತ್ತೆ ನೀಲಿ. ಕೊನೆಗೆ ಸಿಕ್ಕವು: ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು. ಬಹಳವಿರಲಿಲ್ಲ. ಆತುರಪಡುವವಳು ಆಗಿದ್ದರೆ ಅವು ನನ್ನ ಕಣ್ಣು ತಪ್ಪಿಸುತ್ತಿದ್ದವು. ಅಳು ಬಂತು, ಅದರ ಹಿಂದೆಯೇ ಹೆಮ್ಮೆಯೂ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅವನ ಮಗಳು ಅವನ ಬಿರುಕನ್ನು ಹಿಡಿದಿದ್ದಳು, ಅವನು ಕುಸಿಯುವ ಮೊದಲೇ.

ಹೊರಗೆ ಬಂದು ಅಪ್ಪನ ಪಕ್ಕ ಬಗ್ಗಿ, ಕಿವಿಯಲ್ಲಿ ಹೇಳಿದೆ. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ, ಗುಣವಾಗುತ್ತದೆ ಎಂದೂ ಹೇಳಿದೆ. ಅಪ್ಪ ತಲೆಯಾಡಿಸಿ ಎದ್ದ, ಮನೆಯ ಕಡೆ ಹೋಗಲಿಲ್ಲ. ನೆಟ್ಟಗೆ ಭಟ್ಟಿಗೆ ನಡೆದ. ಒಳಗೆ ಹೋಗದೆ ಅಂಗಳದಲ್ಲೇ ನಿಂತು ಹತ್ತೂ ಜನರನ್ನು ಹೊರಗೆ ಕರೆದ.

"ನನ್ನ ಎದಿಯೊಳಗ ಬಿರಕ ಐತಿ" ಎಂದ, ಗಡಿಯಾರದ ಗೋಪುರಕ್ಕೂ ಕೇಳುವ ಹಾಗೆ. "ನನಗ ಗೊತ್ತ ಆಗಲಿಲ್ಲ, ನಿಮಗೂ ಗೊತ್ತ ಆಗಲಿಲ್ಲ. ಸಾವಂತ್ರಿ ಹಿಡದಾಳ. ನಾ ಊದಿದ ಕೊಳವಿ ನೀವೂ ಊದೀರಿ. ಭಟ್ಟಿ ಆರಸರಿ. ಮೂಡಣ ಮನಿಯವರನ್ನ ಕರಕೊಂಡು ಲ್ಯಾಬಿಗೆ ನಡೀರಿ. ಯಾರಿಗೆ ಏನ ಬಂದ್ರೂ ಅಕಿ ನಿಮ್ಮ ಕಿವ್ಯಾಗ ಹೇಳತಾಳ. ಊರಿಗೆ ಹೇಳೂದು ಬಿಡೂದು ನಿಮಗ ಬಿಟ್ಟದ್ದು."

ಬೇರೆಯವರ ಬಿರುಕನ್ನು ಊರ ಮುಂದೆ ಹೇಳಿ ಹನ್ನೊಂದು ವರ್ಷ ಕಳೆದವನು ತನ್ನದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿಕೊಂಡ. ಅಂದು ಮಧ್ಯಾಹ್ನದ ಹೊತ್ತಿಗೆ ಬೇವಿನ ಮರದಿಂದ ರಸ್ತೆಯವರೆಗೆ ಸಾಲು. ಹತ್ತು ಜನ ಉಗುಳುವವರು, ಹತ್ತು ಜನ ಕೆಮ್ಮುವವರು. ಅವರ ಹಿಂದೆ ಭಟ್ಟಿಗೆ ಸಂಬಂಧವೇ ಇಲ್ಲದವರು, ಶಾಲೆಯ ಮಾಸ್ತರರು, ಬಳೆಯಂಗಡಿಯವರು, ನೀರುಕೋಳಿಯ ಮಾತನ್ನು ನುಂಗಿಕೊಂಡಿದ್ದ ಆ ಹೆಂಗಸರು. ಒಬ್ಬರಲ್ಲೂ ಕೆಮ್ಮಿಲ್ಲ, ಜ್ವರವಿಲ್ಲ. ಆದರೂ ಭಟ್ಟಿಯವರಲ್ಲಿ ಇಬ್ಬರು, ಸಾಲಿನ ಬಾಲದಲ್ಲಿ ಒಬ್ಬಾಕೆ ಸಿಕ್ಕರು. ಯಾರೆಂದು ಹೇಳುವುದಿಲ್ಲ. ಅವರ ಕಿವಿಗೆ ಹೇಳಿದ್ದೇನೆ. ಮೂವರೂ ಇವತ್ತು ಚೆನ್ನಾಗಿದ್ದಾರೆ.

ಗುಟ್ಟು ಬಯಲಾದ ಮೇಲೆ ತಿರಕವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಠೀವಿಯಿಂದ ಕೆಮ್ಮತೊಡಗಿದಳು. ಅಪ್ಪ ದಿನಾ ಮಾತ್ರೆ ನುಂಗಿ, ಸಂಜೆ ತಂಬಿಗೆ ಒಯ್ಯುತ್ತಿದ್ದ. "ಇವತ್ತು ಎಂಟ ಸಲ, ನಿನ್ನೆ ಹನ್ನೆರಡು" ಎಂದು ಅವಳು ವರದಿ ಒಪ್ಪಿಸುತ್ತಿದ್ದಳು. ಅವನ ಕಷಾಯಕ್ಕೆ ಹೆಸರಿಡುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಕೆಮ್ಮು ನಿಂತೇಹೋಯಿತು. ಅಪ್ಪ ಗಾಬರಿಯಾಗಿ ಓಡಿಹೋಗಿ, "ಯಾಕ, ಮತ್ತ ಬುರುಡಿಯೊಳಗ ಕೆಮ್ಮಾಕ ಹತ್ತಿಯೇನು?" ಎಂದು ಕೇಳಿದ. ಅವಳು ಬುರುಡೆಯನ್ನೇ ತಂದು ತೋರಿಸಿದಳು. ಒಳಗೆ ಒಣಗಿ, ಫಳಫಳ ಹೊಳೆಯುತ್ತಿತ್ತು.

ಕೆಮ್ಮು ನಿಂತಿತೆಂದು ನಾನು ಬಿಡುವವಳೇ? ಭರಮಪ್ಪನನ್ನು ನೆನೆದುಕೊಂಡೆ. ಆರನೇ ತಿಂಗಳ ಕೊನೆಗೆ ಇಬ್ಬರನ್ನೂ ಮತ್ತೆ ಸ್ಟೂಲಿನ ಮೇಲೆ ಕೂರಿಸಿದೆ. ತಿರಕವ್ವ ಬೇಕೆಂದೇ ಕೆಮ್ಮಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಂಡಳು. ಹೇಗೋ ಡಬ್ಬಿಯ ತಳ ತೇವವಾಗುವಷ್ಟು ಬಂತು. ಗಾಜಿನ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ನೋಡಿದೆ, ನೋಡಿದ್ದನ್ನೇ ಮತ್ತೆ ನೋಡಿದೆ. ನೀಲಿ ಬಿಟ್ಟರೆ ಏನೂ ಇರಲಿಲ್ಲ.

ಅಪ್ಪ ಮನೆಗೆ ಹೋಗಿಬಿಟ್ಟಿದ್ದ. ಓಡಿಹೋಗಿ ಅವನ ಕಿವಿಗೆ ಬಗ್ಗಿದೆ. ಅವನು ಅಂಗೈ ಅಡ್ಡ ಹಿಡಿದ. ಒಲೆಯ ಮುಂದೆ ಕುಳಿತು ಮೆಣಸು ಕುಟ್ಟುತ್ತಿದ್ದ.

"ಮೊದ್ಲ ಅಕಿಗೆ ಹೇಳು" ಎಂದ. "ಕೆಮ್ಮು ಅಕಿ ಹೊತ್ತಾಳ."

ತಿರಕವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಕುಳಿತು, ಅವಳ ನರೆಗೂದಲನ್ನು ಸರಿಸಿ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಹಿಂಡುತ್ತಿದ್ದ ಹಾಗೆ ನನ್ನ ಗಲ್ಲ ಹಿಂಡಿದಳು, ನೋವಾಗುವಷ್ಟು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಓಣಿಯ ಎಲ್ಲ ಬಾಗಿಲುಗಳಿಗೂ, ಭಟ್ಟಿಯವರೆಗೂ, ಗೋಪುರದವರೆಗೂ ಮುಟ್ಟುವ ಹಾಗೆ ತನ್ನದೇ ದನಿಯಲ್ಲಿ ಕೂಗಿದಳು:

"ಕೇಳ್ರೆಪೋ! ರಾಚಪ್ಪನ ಎದಿ ಚೊಕ್ಕ ಐತಿ! ಎಲ್ಲೂ ಬಿರಕಿಲ್ಲ!"